ಪ್ರತಿಕ್ರಿಯೆ: ವಿದೇಶಾಂಗ ನೀತಿಯ ಸಂಶೋಧನೆಗೆ ಭಾಷೆ ಬೇಕೇ?

ಭಾರತ–ಚೀನಾ ಸಂಬಂಧದ ಕುರಿತು ಪಿಎಚ್‌.ಡಿ. ಮಾಡಲು ಚೀನೀ ಭಾಷೆ ಕಲಿಯಲೇಬೇಕೇ ಎಂದು ಕೇಳಿದ್ದೀರಿ. ಕಲಿಯಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. 1955ರಲ್ಲಿ ದೆಹಲಿಯ ಸಪ್ರು ಹೌಸ್‌ನಲ್ಲಿ ಆರಂಭವಾಗಿ, 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಂದಿಗೆ ವಿಲೀನವಾದ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಪ್ರದೇಶವಾರು ಅಧ್ಯಯನಕ್ಕೆ ಒತ್ತು ಕೊಟ್ಟಿತ್ತು. ಒಂದು ದೇಶವನ್ನು ಅದರ ಭಾಷೆ ಮತ್ತು ಇತಿಹಾಸದ ಮೂಲಕ ಅರಿಯುವ ಆ ಕ್ರಮ ಇಂದಿಗೂ ಸರಿಯಾದುದೇ. ಬೀಜಿಂಗ್‌ನ ನಿಲುವನ್ನು ಅನುವಾದಗಳಲ್ಲಷ್ಟೇ ಓದುವವರು, ಬೇರೆಯವರು ಆಯ್ದುಕೊಟ್ಟದ್ದನ್ನು ಮಾತ್ರ ಓದಿದಂತಾಗುತ್ತದೆ. ಆದರೆ ನಿಮ್ಮ ವಿಷಯವು 1950ರ ದಶಕದಲ್ಲಿ ಭಾರತ ಕೈಗೊಂಡ ನಿರ್ಧಾರಗಳಿಗೆ ಸೀಮಿತವಾಗಿದ್ದರೆ, ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ವಿದೇಶಾಂಗ ಸಚಿವಾಲಯದ ಕಡತಗಳಿಂದ ಕೆಲಸ ಆರಂಭಿಸಬಹುದು. ಅವು ಬಹುಪಾಲು ಇಂಗ್ಲಿಷಿನಲ್ಲಿವೆ. ಆ ಕಡತಗಳ ನಡುವೆ ಕುಳಿತು ಓದುವ ತಾಳ್ಮೆಯನ್ನು ಮಾತ್ರ ಯಾವ ತರಗತಿಯೂ ಕಲಿಸಲಾರದು. ಆರಂಭಿಸಿದ ಮೇಲೂ ಭಾಷಾ ಕಲಿಕೆಯನ್ನು ಮುಂದೂಡಬೇಡಿ.