ಗೋವಾದ ತಂದೂರಿಗೆ ಬರುವ ಇದ್ದಿಲು: ಕಾಡಿನದೋ, ಬೀಳು ನೆಲದ್ದೋ?

ಘಟ್ಟ ಇಳಿದು ಗೋವಾಕ್ಕೆ ಬರುವ ಇದ್ದಿಲು ಕಳ್ಳ ಮಾಲೋ ಅಲ್ಲವೋ ಎಂದು ಕೇಳಿದ್ದೀರಿ. ಮಡಗಾಂವ್, ವಾಸ್ಕೋ ಹೋಟೆಲುಗಳ ತಂದೂರಿನ ಮುಂದೆ ನಿಂತಿರುವ ನಮ್ಮ ಕನ್ನಡದ ಹುಡುಗರಿಗೂ ಈ ಉತ್ತರ ಬೇಕು.

ಚೀಲದ ಬಾಯಿ ಬಿಚ್ಚಿ ಒಂದು ತುಂಡು ಕೈಗೆ ತಗೊಳ್ಳಿ. ಮಣಿಕಟ್ಟಿನಷ್ಟು ದಪ್ಪ, ಸೊಟ್ಟ, ಸುತ್ತ ತೊಗಟೆಯ ಗುರುತು ಇದ್ದರೆ ಬೀಳು ನೆಲದಲ್ಲಿ ಬೆಳೆಯುವ ಬಳ್ಳಾರಿ ಜಾಲಿಯಂಥದ್ದು. ಬೆಣೆಯ ಹಾಗೆ ಸೀಳಿದ, ಸಪಾಟು ಮೈಯ ತುಂಡುಗಳೇ ಇದ್ದರೆ ದೊಡ್ಡ ಮರದ ಬೊಡ್ಡೆ. ಕಾಡುಮರಗಳಾದ ಮತ್ತಿಯೋ ಜಂಬೆಯೋ ಎಂದು ಅನುಮಾನಿಸಬೇಕು. ಆದರೆ ಇದು ಸುಳಿವು ಮಾತ್ರ.

ಸಾಕ್ಷಿ ಕಾಗದದಲ್ಲಿದೆ. ಸ್ವಂತ ಹೊಲದ ಮರಕ್ಕೆ ಯಾರ ಅಪ್ಪಣೆ ಎನ್ನುವವರು ತಪ್ಪುವುದು ಇಲ್ಲೇ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಇದ್ದಿಲು, ಕಾಡಿನದಿರಲಿ ಹೊರಗಿನದಿರಲಿ, ಅರಣ್ಯೋತ್ಪನ್ನವೇ. ಗೋವಾ, ಮಹಾರಾಷ್ಟ್ರದಲ್ಲಿ ಆ ಕಾಯ್ದೆ, ಕರ್ನಾಟಕದಲ್ಲಿ 1963ರದ್ದು. ಗಡಿಯ ಅನಮೋಡ ಘಟ್ಟ ಇಳಿದು ಗೋವಾದ ಮೊಲೆಂ ಮುಟ್ಟುವಷ್ಟರಲ್ಲಿ ಅದೇ ಚೀಲಕ್ಕೆ ಕಾನೂನು ಬದಲು. ಅರಣ್ಯ ಇಲಾಖೆಯ ಸಾಗಣೆ ಪಾಸಿನಲ್ಲಿ ಮರದ ಜಾತಿ, ಚೀಲದ ಎಣಿಕೆ, ಲಾರಿ ನಂಬರ್, ಅವಧಿ ಮುಗಿಯುವ ತಾರೀಖು ನೋಡಿ. ಒಂದೇ ಪಾಸಿನ ಮೇಲೆ ಎರಡು ಟ್ರಿಪ್ ಹೊಡೆದಿದ್ದರೆ ಸಿಕ್ಕಿಬೀಳುವುದು ತಾರೀಖಿನಲ್ಲೇ.

ಇನ್ನು ಇದ್ದಿಲು ಸುಡುವ ಭಟ್ಟಿ. ಮರ ನಿಜವಾಗಿ ಹಾಳಾಗುವುದು ಇಲ್ಲಿ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದ ಹತ್ತಿರ ನೀರು. ಆ ನೀರು ಹಾರಿಸಲು ಒಳಗಿನ ಕಟ್ಟಿಗೆಯೇ ಉರಿಯಬೇಕು. ಕದ್ದು ಕಡಿದವನಿಗೆ ಎರಡು ಮೂರು ತಿಂಗಳು ಒಣಗಿಸುವ ಪುರುಸೊತ್ತಿಲ್ಲ. ಒತ್ತಾಗಿ ಪೇರಿಸಿ, ಮೇಲೆ ಸೊಪ್ಪು, ಅದರ ಮೇಲೆ ಅರ್ಧ ಗೇಣು ಮಣ್ಣು ಹೊದಿಸಿ, ಬುಡದಲ್ಲಿ ಕಿಂಡಿ ಬಿಟ್ಟು ಬೆಂಕಿ ಹಾಕುತ್ತಾರೆ. ಮೊದಲು ದಟ್ಟ ಬಿಳಿ ಹೊಗೆ, ಅದು ನೀರಾವಿ. ಆಮೇಲೆ ಹಳದಿ. ತೆಳು ನೀಲಿಗೆ ತಿರುಗಿದ ಕೂಡಲೇ ಕಿಂಡಿ ಮುಚ್ಚಬೇಕು, ತಡವಾದರೆ ಇದ್ದಿಲೇ ಉರಿಯುತ್ತದೆ. ಕಟ್ಟಿಗೆ ಕುಗ್ಗಿದಂತೆ ಮಣ್ಣು ಬಿರಿಯುತ್ತದೆ. ರಾತ್ರಿ ಎಚ್ಚರವಿದ್ದು ಬಿರುಕು ಮೆತ್ತದಿದ್ದರೆ ಬೆಳಗ್ಗೆ ಸಿಗುವುದು ಬೂದಿ. ಹೀಗೆ ಅವಸರದಲ್ಲಿ ಸುಟ್ಟರೆ 100 ಕಿಲೋ ಕಟ್ಟಿಗೆಗೆ 10-15 ಕಿಲೋ ಇದ್ದಿಲು. ಒಣ ಕಟ್ಟಿಗೆ, ಇಟ್ಟಿಗೆ ಭಟ್ಟಿ, ಪಳಗಿದ ಕೈ ಇದ್ದರೆ 25 ಕಿಲೋ ದಾಟುತ್ತದೆ. ಜಾಲಿಯನ್ನು ಮೋಟು ಉಳಿಸಿ ಕಡಿದರೆ ಮತ್ತೆ ಚಿಗುರುತ್ತದೆ, ಅದನ್ನು ಸುಡಲು ನಮ್ಮ ತಕರಾರಿಲ್ಲ.

ದಾಳಿ ಆದಾಗ ಮೊದಲು ಸಿಕ್ಕುವವರು ಭಟ್ಟಿ ಕಾಯುವವರು. ಎಷ್ಟೋ ಕಡೆ ಅವರು ಮಹಾರಾಷ್ಟ್ರದ ರಾಯಗಡದಿಂದ ಮುಂಗಡ ಕೊಟ್ಟು ಕರೆತಂದ ಕಾತಕರಿ ಎಂಬ ಆದಿವಾಸಿ ಕುಟುಂಬಗಳು. ಮುಂಗಡಕ್ಕೆ ಕಟ್ಟಿಹಾಕಿ ದುಡಿಸುವುದು 1976ರ ಜೀತ ನಿರ್ಮೂಲನಾ ಕಾಯ್ದೆಯಡಿ ಅಪರಾಧ. ಕೇಸು ಬೀಳಬೇಕಾದ್ದು ಮುಂಗಡ ಕೊಟ್ಟವನ ಮೇಲೆ, ಲಾರಿ ಕಳಿಸಿದವನ ಮೇಲೆ.

ಹೋಟೆಲಿನವರು ಪಾಸಿನ ನಕಲನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಲಿ. ಚೀಲ ಮುಟ್ಟಿದಾಗ ಬೆಚ್ಚಗಿದ್ದರೆ ಇಳಿಸಿಕೊಳ್ಳಬೇಡಿ. ಆರದೆ ತುಂಬಿದ ಇದ್ದಿಲು ಗೋದಾಮಿನಲ್ಲಿ ತಾನಾಗಿ ಹೊತ್ತಿಕೊಳ್ಳಬಹುದು.