ತೂಕ ಹಾಕಿದವರು ಮತ್ತೆ ಬರಲಿಲ್ಲ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಬಡವರ ಮಕ್ಕಳ ಆರೋಗ್ಯದ ಸರ್ವೆ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ನನ್ನ ಮೂರು ವರ್ಷದ ಮೊಮ್ಮಗನನ್ನು ಮೂರು ಸಲ ತೂಕ ಹಾಕಿದ್ದಾರೆ, ಎರಡು ಸಲ ಬೆರಳು ಚುಚ್ಚಿದ್ದಾರೆ. ಸೊಸೆ ಗಾರ್ಮೆಂಟ್ಸಿಗೆ ಹೋಗಿದ್ದಳು, ನಾನೇ ಹೆಬ್ಬೆಟ್ಟು ಒತ್ತಿದೆ. ರಕ್ತ ಎಷ್ಟಿತ್ತು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಒಂದು ಸೋಪಿನ ಡಬ್ಬಿ ಕೊಟ್ಟು ಹೋದರು. ನಾಲ್ಕನೆಯವರು ಬಂದರೆ ಬಾಗಿಲು ಹಾಕಿಕೊಳ್ಳಲಾ?
– ಓದುಗರೊಬ್ಬರು, ಲಗ್ಗೆರೆ, ಬೆಂಗಳೂರು (ಮೊಮ್ಮಗಳ ಕೈಲಿ ಬರೆಸಿದ್ದು)

ಸಂಪಾದಕರ ಉತ್ತರ:

ಅಮ್ಮ, ನಿಮ್ಮ ಪತ್ರ ಬಂದ ಮೇಲೆ ಆ ನಾಲ್ಕು ಪುಟಗಳನ್ನು ಮತ್ತೆ ತೆಗೆದು ನೋಡಿದೆ. ಅಂಕಿ-ಅಂಶ ಇದೆ, ತಜ್ಞರ ಮಾತಿದೆ, ತಕ್ಕಡಿಯ ಜೋಲಿಯಲ್ಲಿ ಕೂತು ಅಳುವ ಮಗುವಿನ ಫೋಟೊ ಕೂಡ ಇದೆ. ಆ ಮಗುವಿನ ತೂಕ ಸರಿಯಿತ್ತೇ, ಅದನ್ನು ಮನೆಯವರಿಗೆ ಯಾರಾದರೂ ಹೇಳಿದರೇ ಅನ್ನುವ ಒಂದು ಸಾಲೂ ಇಲ್ಲ. ಪುಟ ತಿದ್ದಿದವನು ನಾನೇ. ನನಗೂ ಹೊಳೆಯಲಿಲ್ಲ.

ಹಾಗಂತ ಅಳೆಯುವುದೇ ಬೇಡ ಅನ್ನಲು ನನಗೆ ಧೈರ್ಯ ಸಾಲದು. ಕರ್ನಾಟಕದಲ್ಲಿ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇರುವವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 60.9 ಇದ್ದರು. 2019-21ರ ಹೊತ್ತಿಗೆ ಶೇ. 65.5 ಆದರು. ಬೆರಳು ಚುಚ್ಚದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಲೆಕ್ಕ ಸರ್ಕಾರಕ್ಕೆ, ಸೋಪಿನ ಡಬ್ಬಿ ನಿಮಗೆ ಅಂತಾದರೆ ಸಿಟ್ಟು ಬರದೆ ಇರುತ್ತದೆಯೇ?

ಈ ಸಿಟ್ಟಿಗೆ ಕಿವಿಗೊಟ್ಟ ಸಂಶೋಧಕರೂ ಇದ್ದಾರೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಮಹಾರಾಷ್ಟ್ರದ ಗಡಚಿರೋಲಿಗೆ ಹೋದ ಹೊಸತರಲ್ಲಿ ಆದಿವಾಸಿಗಳಲ್ಲಿ ವಂಶದಿಂದ ಬರುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಬಗ್ಗೆ ಅಧ್ಯಯನ ಮಾಡಿದರು. ಕೆಲಸವೇನೋ ಚೆನ್ನಾಗಿಯೇ ಆಯಿತು, ಆದರೆ ಅದು ಬೇಕು ಅಂತ ಆ ಜನ ಕೇಳಿರಲಿಲ್ಲ. ಆಮೇಲೆ ಅವರು ಮೊದಲು ಜನರ ಮಾತು ಕೇಳುವುದನ್ನು ರೂಢಿ ಮಾಡಿಕೊಂಡರು. ಆಸ್ಪತ್ರೆಯನ್ನೂ ಜನ ಬಯಸಿದಂತೆ ಗುಡಿಸಲುಗಳ ಹಾಗೆ ಕಟ್ಟಿ, ಅವರ ದೇವಿ ದಂತೇಶ್ವರಿಯ ಹೆಸರಿಟ್ಟರು. ಹಸುಗೂಸುಗಳ ಸಾವು ತಡೆಯಲು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. ಮಗುವಿನ ಉಸಿರು ಎಣಿಸುವುದು, ನಂಜು ಗುರುತಿಸುವುದು, ಬೇಕಾದರೆ ಇಂಜೆಕ್ಷನ್ ಕೊಡುವುದು, ಎಲ್ಲವನ್ನೂ ಅವರೇ ಮಾಡಿದರು. 39 ಹಳ್ಳಿಗಳಲ್ಲಿ ನಡೆದ ಈ ಕೆಲಸದ ಫಲಿತಾಂಶ 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು: ಮೂರನೇ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಸಾವು, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಶೇ. 62ರಷ್ಟು ಕಡಿಮೆಯಾಗಿತ್ತು. ಇಂದು ಬಾಣಂತಿಯರ ಮನೆಗೆ ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಅಂತ ಆಶಾ ಕಾರ್ಯಕರ್ತೆಯರು ಬಂದು ಕೂಸನ್ನು ನೋಡುತ್ತಾರಲ್ಲ, 2011ರಲ್ಲಿ ದೇಶಕ್ಕೆಲ್ಲ ಬಂದ ಆ ಏರ್ಪಾಡಿನ ಬೇರು ಅಲ್ಲಿದೆ.

ಗಡಚಿರೋಲಿ ಬೇರೆ, ಲಗ್ಗೆರೆ ಬೇರೆ ಅನ್ನುತ್ತೀರಿ. ನಿಜ. ನಿಮ್ಮ ಪತ್ರದಲ್ಲಿ ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಮಾತಿನ ಹತ್ತಿರವೇ ನಾನು ನಿಂತುಬಿಟ್ಟೆ: ಸೊಸೆ ಗಾರ್ಮೆಂಟ್ಸಿಗೆ ಹೋಗಿದ್ದಳು. ನಿಮ್ಮ ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಹಗಲು ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಸಿಗುವವರು ಅಜ್ಜಿಯರು, ಕೆಲಸಕ್ಕೆ ಹೋಗದ ತಾಯಂದಿರು. ದುಡಿಯುವ ತಾಯಿಯ ಮಗು ರಾತ್ರಿ ಏನು ಉಣ್ಣುತ್ತದೆ, ಎಷ್ಟು ಹೊತ್ತಿಗೆ ಉಣ್ಣುತ್ತದೆ ಎಂಬುದು ಸರ್ವೆಯ ಹಾಳೆಗೆ ಸರಿಯಾಗಿ ಇಳಿಯುವುದಿಲ್ಲ. 'ನಿನ್ನೆ ಮಗು ಏನು ತಿಂದಿತು' ಅಂದರೆ ಅನ್ನ, ಸಾರು, ಮುದ್ದೆ ಅನ್ನುತ್ತೇವೆ. ಅಂಗಡಿಯ ಐದು ರೂಪಾಯಿ ಪ್ಯಾಕೆಟ್ಟು ಊಟದ ಲೆಕ್ಕಕ್ಕೆ ಬರುವುದೇ ಇಲ್ಲ. (ನಮ್ಮ ಮನೆಯಲ್ಲೂ ಅದೇ ಕಥೆ.) ನಿಮ್ಮ ಬೀದಿಯ ಇಬ್ಬರು ಹೆಂಗಸರನ್ನು ಪ್ರಶ್ನೆ ಬರೆಯುವಾಗಲೇ ಕೂರಿಸಿಕೊಂಡಿದ್ದರೆ 'ಭಾನುವಾರ ಬನ್ನಿ, ಪ್ಯಾಕೆಟ್ಟಿನ ಬಗ್ಗೆ ಬೇರೆಯಾಗಿ ಕೇಳಿ' ಅಂದುಬಿಡುತ್ತಿದ್ದರು. ಸಮುದಾಯದ ಜೊತೆ ಸಂಶೋಧನೆ ಅಂದರೆ ಅಷ್ಟೇ, ದೊಡ್ಡ ವಿದ್ಯೆಯೇನಲ್ಲ.

ಇನ್ನು ಹೆಬ್ಬೆಟ್ಟಿನ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಮಗುವಿನ ಪರವಾಗಿ ಒಪ್ಪಬೇಕಾದವರು ತಂದೆ-ತಾಯಿ, ಇಲ್ಲವೇ ಕಾನೂನು ಒಪ್ಪುವ ಪೋಷಕರು. ಸೊಸೆ ಸಂಜೆ ಮನೆಗೆ ಬರುವವಳೇ ಆಗಿರುವಾಗ ನಿಮ್ಮಿಂದ ಒತ್ತಿಸಿಕೊಂಡಿದ್ದು ಸರಿಯಲ್ಲ. ಓದಲು ಬಾರದವರಿಗೆ ಎಲ್ಲವನ್ನೂ ಓದಿ ಹೇಳಬೇಕು, ಪಕ್ಕದಲ್ಲಿ ಸರ್ವೆಯವರ ಕಡೆಯವರಲ್ಲದ ಸಾಕ್ಷಿಯೊಬ್ಬರು ಇರಬೇಕು, ಒಂದು ಪ್ರತಿಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಏಳು ವರ್ಷ ತುಂಬಿದ ಮಕ್ಕಳಾದರೆ ಅವರನ್ನೂ ಕೇಳಬೇಕು. ಈ ಪತ್ರ ಬರೆದುಕೊಟ್ಟ ನಿಮ್ಮ ಮೊಮ್ಮಗಳು ಬೇಡ ಅಂದರೆ ಅದಕ್ಕೂ ಬೆಲೆಯಿದೆ.

ಆದ್ದರಿಂದ ಬಾಗಿಲು ಹಾಕಬೇಡಿ ಅಮ್ಮ, ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿ. ರಕ್ತ ಎಷ್ಟಿದೆ ಅಂತ ಯಾವಾಗ ಹೇಳುತ್ತೀರಿ? ಕಮ್ಮಿ ಇದ್ದರೆ ಎಲ್ಲಿಗೆ ಕಳಿಸುತ್ತೀರಿ? ಕೊನೆಗೆ ಗೊತ್ತಾದದ್ದನ್ನು ಈ ಬೀದಿಗೆ ಬಂದು, ಅಂಗನವಾಡಿಯಲ್ಲೋ ಅರಳಿಕಟ್ಟೆಯಲ್ಲೋ ಕೂತು ಕನ್ನಡದಲ್ಲಿ ಹೇಳುತ್ತೀರಾ? ತಡವರಿಸಿದರೆ 'ಸೊಸೆ ಮನೆಯಲ್ಲಿರುವಾಗ ಬನ್ನಿ' ಅಂತ ಕಳಿಸಿಬಿಡಿ.

ಮೊಮ್ಮಗನಿಗಾಗಿ ಮಾತ್ರ ಯಾವ ಸರ್ವೆಯವರನ್ನೂ ಕಾಯಬೇಡಿ. ಹತ್ತಿರದ ನಗರ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಅವನ ವಯಸ್ಸಿಗೆ 11 ಗ್ರಾಂಗಿಂತ ಕಡಿಮೆ ಬಂದರೆ ರಕ್ತಹೀನತೆ ಅಂತ ಅರ್ಥ, ಡಾಕ್ಟರು ಔಷಧಿ ಬರೆದುಕೊಡುತ್ತಾರೆ. ಚೀಟಿಯಲ್ಲಿ ಎಷ್ಟು ಬಂತು ಅಂತ ಮೊಮ್ಮಗಳ ಕೈಲಿ ಒಂದು ಸಾಲು ಬರೆಸಿ. ಹೋದ ಸಂಚಿಕೆಯ ಲೇಖನ ಬರೆದವರನ್ನು ಆ ಫೋಟೊದ ಮಗುವಿನ ಮನೆಗೆ ಮತ್ತೆ ಕಳಿಸುತ್ತಿದ್ದೇನೆ, ಈ ಸಲ ಕ್ಯಾಮೆರಾ ಇಲ್ಲದೆ.