ಗಿಳಿ ಬಿಟ್ಟು ಕಾಯಿ ನೋಡಿ

ಪ್ರಶ್ನೆ: ಮಗಳ ಬಾಣಂತನಕ್ಕೆ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅವರ ಮನೆ ಊರಾಚೆ ಗುಡ್ಡದ ಮೇಲಿದೆ. ಹಿತ್ತಿಲಿನ ಮರಿ ಮರಕ್ಕೆ (ಮರಿ ಅನ್ನೋದು ಆ ಮರದ ಹೆಸರೇ!) ದೊಡ್ಡ ಕಪ್ಪು ಗಿಳಿಗಳು ಬರುತ್ತಿದ್ದವು. ಕೆನ್ನೆ ಬಿಳಿ, ಬಾಲದಲ್ಲೂ ಬಿಳಿ ಪಟ್ಟಿ. ಕೆಲವಕ್ಕೆ ಕಪ್ಪು ಕೊಕ್ಕು, ಕೆಲವಕ್ಕೆ ಬಿಳಿ. ಇಲ್ಲಿ ಕಾರ್ನಬಿ, ಬೋಡಿನ್ ಎಂಬ ಎರಡು ಜಾತಿಯ ಕಾಕಟೂಗಳಿವೆ ಎಂದ ಅಳಿಯ. ಕಪ್ಪು ಕೊಕ್ಕಿನದು ಯಾವುದು, ಬಿಳಿ ಕೊಕ್ಕಿನದು ಯಾವುದು?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಕಪ್ಪು ಕೊಕ್ಕಿನದು ಗಂಡ, ಬಿಳಿ ಕೊಕ್ಕಿನದು ಹೆಂಡತಿ. ತಮಾಷೆಯಲ್ಲ, ನಿಜವಾಗಿಯೂ ಅಷ್ಟೇ. ಎರಡೂ ಜಾತಿಯಲ್ಲಿ ಗಂಡಿಗೆ ಕಪ್ಪು ಕೊಕ್ಕು, ಕಣ್ಣಿನ ಸುತ್ತ ಗುಲಾಬಿ ಬಳೆ. ಹೆಣ್ಣಿಗೆ ಮೂಳೆ ಬಣ್ಣದ ಕೊಕ್ಕು, ಕಣ್ಣಿನ ಬಳೆ ಬೂದು.

ನೀವು ಬೇಜಾರು ಮಾಡಿಕೊಳ್ಳಬೇಡಿ. ಮಗನ ಮನೆಗೆ ಹೋದಾಗ ನಾನೂ ಹದಿನೈದು ದಿನ ಇದೇ ತಪ್ಪು ಮಾಡಿದೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಬೇರೆ ಹಾಕಿದ್ದೆ! ಪಕ್ಕದ ಮನೆಯ ಮುದುಕ ಅದನ್ನು ನೋಡಿ ಜೋರಾಗಿ ನಕ್ಕ. ಮೇಲೆ ನೋಡಬೇಡ, ಕೆಳಗೆ ನೋಡು ಎಂದು ಮರದ ಬುಡದಿಂದ ಎರಡು ಕಾಯಿ ಎತ್ತಿ ಕೈಗಿಟ್ಟ.

ಬಣ್ಣ, ಗಾತ್ರ ನೋಡಿದರೆ ಎರಡೂ ಒಂದೇ. ಸುಮಾರು 55 ಸೆಂಟಿಮೀಟರ್ ಉದ್ದ. ವ್ಯತ್ಯಾಸ ಇರುವುದು ಕೊಕ್ಕಿನ ಆಕಾರದಲ್ಲಿ. ಬೋಡಿನ್‌ನ ಮೇಲ್ಕೊಕ್ಕು ಉದ್ದ, ಸಪೂರ. ಕಾರ್ನಬಿಯದು ಗಿಡ್ಡ, ಅಗಲ. ಆದರೆ ಇಪ್ಪತ್ತಡಿ ಮೇಲೆ, ಎಲೆ ಮರೆಯಲ್ಲಿ ಕೂತ ಹಕ್ಕಿಯ ಕೊಕ್ಕನ್ನು ಅಳೆಯುವವರು ಯಾರು? ಅದಕ್ಕೇ ಕಾಯಿ. ಮರಿ ಕಾಯಿ ಪುಟ್ಟ ಹೂಜಿಯ ಹಾಗಿರುತ್ತದೆ, ಕಲ್ಲಿನಷ್ಟು ಗಟ್ಟಿ. ಬೀಜ ಒಳಗೆ. ಬೋಡಿನ್ ತನ್ನ ಉದ್ದ ಕೊಕ್ಕನ್ನು ಹೂಜಿಯ ಬಾಯಿಗೆ ತೂರಿಸಿ ಬೀಜ ಕೆದಕಿ ತೆಗೆಯುತ್ತದೆ. ಕಾಯಿ ಹಾಗೇ ಇರುತ್ತದೆ, ಹೊರಗೆ ಕೆಳಕೊಕ್ಕು ಊರಿದ ಗುರುತು ಮಾತ್ರ. ಕಾರ್ನಬಿಗೆ ಆ ನಾಜೂಕು ಇಲ್ಲ. ಬಾಯಿಯ ಅಂಚನ್ನೇ ಕಚ್ಚಿ ಕಚ್ಚಿ ಚಿಂದಿ ಮಾಡುತ್ತದೆ.

ನಮ್ಮ ತೋಟದಲ್ಲಿ ನಾವು ಮಾಡುವುದೂ ಇದೇ ಅಲ್ವಾ? ಪುನುಗನ ಬೆಕ್ಕನ್ನು ಕಂಡವರು ಎಷ್ಟು ಜನ? ಹಿಕ್ಕೆಯಲ್ಲಿ ಕಾಫಿ ಬೀಜ ಸಿಕ್ಕರೆ ಬಂದಿತ್ತು ಎಂದು ಗೊತ್ತಾಗುತ್ತದೆ. ಮರದ ಕೆಳಗೆ ಸಿಪ್ಪೆ ಚೀಪಿ ಉಗುಳಿದ ಬೀಜ ಬಿದ್ದಿದ್ದರೆ ಬಾವಲಿ. ಎಂಜಲು ನೋಡಿ ಉಂಡವರನ್ನು ಹೇಳುವುದು ನಮಗೆ ಹೊಸದಲ್ಲ. ಪರ್ತ್‌ಗೆ ಹೋದ ಕೂಡಲೇ ಅದನ್ನು ಮರೆತದ್ದು ನನ್ನ ದಡ್ಡತನ.

ಕೂಗೂ ಸ್ವಲ್ಪ ಬೇರೆ. ಕಾರ್ನಬಿಯದು ಎಳೆದ ಕೂಗು, ಬೋಡಿನ್‌ದು ತುಸು ಗಿಡ್ಡ. ನನ್ನ ಕಿವಿಗೆ ಕೊನೆಗೂ ಹತ್ತಲಿಲ್ಲ.

ಹೊಟ್ಟೆಪಾಡು ಬೇರೆಯಾದದ್ದಕ್ಕೇ ಕೊಕ್ಕೂ ಬೇರೆ. ಬೋಡಿನ್ ಆಸ್ಟ್ರೇಲಿಯಾದ ನೈರುತ್ಯ ಮೂಲೆಯ ತೇವದ ಕಾಡಿನ ಹಕ್ಕಿ, ಮರಿ ಬೀಜವೇ ಅದರ ಮುಖ್ಯ ಊಟ. ಸೇಬಿನ ತೋಟಕ್ಕೂ ನುಗ್ಗುತ್ತದೆ. ಬೀಜಕ್ಕಾಗಿ ಹಣ್ಣು ಬಗೆದು ಬಿಸಾಡುತ್ತದೆ. ತೋಟದವರು ಕಾನೂನು ಮೀರಿ ಗುಂಡು ಹೊಡೆದದ್ದೂ ಉಂಟು. ಕಾರ್ನಬಿ ಗೋಧಿ ಬೆಳೆಯುವ ಒಳನಾಡಿನಲ್ಲಿ, ಹಳೇ ಮರದ ಪೊಟರೆಯಲ್ಲಿ ಮೊಟ್ಟೆ ಇಟ್ಟು, ಆಮೇಲೆ ಕರಾವಳಿ ಕಡೆ ಬರುತ್ತದೆ. ಬ್ಯಾಂಕ್ಸಿಯಾ ಎಂಬ ಅಲ್ಲಿನ ಗಿಡದ ಬೀಜ ಅದಕ್ಕೆ ಇಷ್ಟ. ನಮ್ಮ ತೋಟದ ಸಿಲ್ವರ್ ಓಕ್ ಇದೆಯಲ್ಲ, ಅದೂ ಬ್ಯಾಂಕ್ಸಿಯಾದ ಕುಟುಂಬದ್ದೇ. ಆದರೆ ಅದು ಬಂದದ್ದು ಆಸ್ಟ್ರೇಲಿಯಾದ ಪೂರ್ವ ತುದಿಯಿಂದ. ಕಾಳುಮೆಣಸು ಹಬ್ಬಿಸುವಾಗ ಯಾರಿಗೆ ಇದೆಲ್ಲ ನೆನಪಾಗುತ್ತದೆ!

ಪಕ್ಷಿ ತಜ್ಞರೂ ಬಹಳ ಕಾಲ ಎರಡನ್ನೂ ಒಂದೇ ಎಂದುಕೊಂಡಿದ್ದರು. ಬೋಡಿನ್‌ಗೆ 1832ರಲ್ಲೇ ಹೆಸರು ಬಿತ್ತು. ಗಿಡ್ಡ ಕೊಕ್ಕಿನದು ಬೇರೆ ಎಂದು ಐವಾನ್ ಕಾರ್ನಬಿ ಬರೆದದ್ದು 1948ರಲ್ಲಿ. ಹಾಗಾಗಿ ನನ್ನ ಹದಿನೈದು ದಿನ ಏನೂ ಜಾಸ್ತಿಯಲ್ಲ. ಈಗ ಎರಡೂ ಅಳಿವಿನಂಚಿನಲ್ಲಿವೆ.

ನಿಮ್ಮ ಹಿತ್ತಿಲಿಗೆ ಬಂದದ್ದು ಯಾವುದು ಎಂದು ಇಲ್ಲಿ ಕೂತು ಹೇಳಲಾರೆ. ಆ ಗುಡ್ಡಕ್ಕೆ ಎರಡೂ ಬರುತ್ತವೆ. ಮಗಳಿಗೆ ಫೋನ್ ಮಾಡಿ, ಮರದ ಬುಡದಿಂದ ನಾಲ್ಕು ಕಾಯಿ ಆರಿಸಿ, ಬಾಯಿಯ ಅಂಚು ಚೆನ್ನಾಗಿ ಕಾಣುವ ಹಾಗೆ ಫೋಟೊ ತೆಗೆದು ಕಳಿಸಲು ಹೇಳಿ. ಹಕ್ಕಿಯ ಫೋಟೊ ಬೇಡ.